ಕರೆಂಟ್ ಹೋದಾಗ ಯಾರ ಫ್ರಿಜ್ಜು ತಣ್ಣಗಿರುತ್ತೆ?



ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಕೊನೆಗೆ ಒಂದಷ್ಟು ಉಪಯೋಗದ ಮಾಹಿತಿನೂ ಇದೆ, ಅದನ್ನಾದ್ರೂ ಮನೆಯವರಿಗೆ ಓದಿ ಹೇಳಿ.

ಮೊನ್ನೆ ಸಂಘಟನೆಯ ಗೆಳೆಯನೊಬ್ಬ ನಮ್ಮ ಮನೆಗೆ ಬಂದಿದ್ದ. ಬಾಗಿಲ ಪಕ್ಕ ಇಟ್ಟಿರೋ ಯುಪಿಎಸ್ಸು, ಅದರ ದೊಡ್ಡ ಬ್ಯಾಟರಿ ನೋಡಿ ನಕ್ಕ. "ಏನಣ್ಣ, ನೀನೂ ರಾಜಾಜಿನಗರದ ಸಾಹುಕಾರ ಆಗ್ಬಿಟ್ಯಾ?" ಅಂದ. "ಫ್ರಿಜ್ಜಿಗೆ ಹಾಕ್ಸಿದ್ದು ಕಣೋ" ಅಂದೆ. ಇನ್ನೂ ಜೋರಾಗಿ ನಕ್ಕ. "ಜನ ಸ್ಮಶಾನಕ್ಕೆ ಜಾಗ ಇಲ್ಲ ಅಂತ ಒದ್ದಾಡ್ತಾ ಇದ್ದಾರೆ, ನೀನು ಫ್ರಿಜ್ಜಿಗೆ ಬ್ಯಾಟರಿ ಹಾಕ್ಸ್ತಾ ಇದ್ದೀಯ!"

ತಮಾಷೆಗೆ ಅಂದಿದ್ದು. ಬೇಜಾರಿಲ್ಲ. ಆದ್ರೆ ಅವನಿಗೆ ಅವತ್ತು ಪೂರ್ತಿ ಹೇಳೋಕೆ ಆಗ್ಲಿಲ್ಲ. ಅದಕ್ಕೆ ಇಲ್ಲಿ ಬರೀತಾ ಇದ್ದೀನಿ. ಅವನೂ ಓದ್ತಾನೆ, ನೀವೂ ಓದಿ.

ನಾವಿರೋದು ಡಾ. ರಾಜ್‌ಕುಮಾರ್ ರಸ್ತೆಯಿಂದ ನಾಲ್ಕೈದು ತಿರುವು ಒಳಗೆ, ಒಂದು ವಠಾರದಲ್ಲಿ. ಹಿಂದುಗಡೆ ಸಾಲಾಗಿ ಆರು ಶೀಟಿನ ಮನೆ, ಮುಂದೆ ಓನರ್ರದ್ದು ಮಹಡಿ ಮನೆ. ನನ್ನ ಅವ್ವನಿಗೆ ಹದಿನೈದು ವರ್ಷದಿಂದ ಶುಗರ್. ಮಾತ್ರೆ ಸಾಲದೆ ಈಗ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ತಾಳೆ. ನಮ್ಮ ಮನೇಲಿ ಫ್ರಿಜ್ ಬಂದಿದ್ದೇ ಅದಕ್ಕೋಸ್ಕರ. ತಣ್ಣೀರು ಕುಡಿಯೋಕೆ ಅಲ್ಲ, ಐಸ್‌ಕ್ರೀಮ್ ಇಡೋಕೂ ಅಲ್ಲ.

ಎರಡು ವರ್ಷದ ಹಿಂದೆ, ಮೇ ತಿಂಗಳು. ಬೆಂಗಳೂರಿನವರಿಗೆ ಗೊತ್ತಲ್ಲ, ಮಧ್ಯಾಹ್ನದವರೆಗೆ ಸುಡೋ ಬಿಸಿಲು, ಸಂಜೆ ನಾಲ್ಕಕ್ಕೆ ಕಪ್ಪು ಮೋಡ, ಐದಕ್ಕೆ ಗಾಳಿ ಮಳೆ. ಅವತ್ತು ನಮ್ಮ ರಸ್ತೆಯಲ್ಲಿ ದೊಡ್ಡ ಮರ ತಂತಿ ಮೇಲೆ ಬಿತ್ತು. ಕರೆಂಟು ಹೋಯ್ತು. ಪಾಪ, ಪವರ್‌ಮ್ಯಾನ್ ಹುಡುಗರು ರಾತ್ರಿಯೆಲ್ಲಾ ಮಳೆಯಲ್ಲಿ ನೆನೀತಾ ಕೆಲಸ ಮಾಡ್ತಾ ಇದ್ರು. ಅವರ ಮೇಲೆ ನನ್ನ ದೂರೇನೂ ಇಲ್ಲ. ಕಂಬ ಹತ್ತೋ ಕೆಲಸದಲ್ಲಿ ಪ್ರಾಣ ಪಣಕ್ಕಿಡೋರಲ್ಲಿ ನಮ್ಮ ಹುಡುಗರೇ ಎಷ್ಟೋ ಜನ ಇದ್ದಾರೆ.

ರಾತ್ರಿ ಹತ್ತಾದ್ರೂ ಕರೆಂಟ್ ಬರ್ಲಿಲ್ಲ. ಫ್ರಿಜ್ ಒಳಗೆ ಕೈ ಇಟ್ಟು ನೋಡಿದೆ, ತಣ್ಣಗಿರಲಿಲ್ಲ. ಹಿಂದಿನ ದಿನ ತಾನೇ ತಿಂಗಳಿಗಾಗುವಷ್ಟು ಇನ್ಸುಲಿನ್ ತಂದಿಟ್ಟಿದ್ದೆ. ಮಹಡಿ ಮನೇಲಿ ಲೈಟು ಉರೀತಾ ಇತ್ತು, ಟಿವಿ ಸದ್ದು ಕೇಳ್ತಾ ಇತ್ತು. ಅವರಿಗೆ ಯುಪಿಎಸ್ ಇದೆ. ಮೆಟ್ಟಿಲು ಹತ್ತಿ ಹೋದೆ. "ಆಂಟಿ, ಅವ್ವನ ಇನ್ಸುಲಿನ್ ಒಂದು ರಾತ್ರಿ ನಿಮ್ಮ ಫ್ರಿಜ್ಜಲ್ಲಿ ಇಟ್ಕೊಳ್ತೀರಾ?" ಅಂದೆ.

ಆಗಲ್ಲ ಅನ್ನಲಿಲ್ಲ ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಪ್ಪಾ, ತಪ್ಪು ತಿಳ್ಕೋಬೇಡ. ನಿಮ್ಮ ಫ್ರಿಜ್ಜಲ್ಲಿ ಅದೂ ಇದೂ ಇಟ್ಟಿರ್ತೀರಿ. ನಮ್ಮಲ್ಲಿ ದೇವರ ನೈವೇದ್ಯಕ್ಕೆ ಹಾಲು ಇರುತ್ತೆ. ಒಂದ್ ಮೂರು ಕವರ್ ಸುತ್ಕೊಂಡು ಬಾ, ಇಟ್ಕೊಳ್ತೀನಿ" ಅಂದ್ರು.

ಕೆಳಗೆ ಬಂದೆ. ಒಂದು ಕವರ್ ಹಾಕ್ದೆ. ಗಂಟು ಕಟ್ಟಿದೆ. ಎರಡನೇದು ಹಾಕ್ದೆ. ಮೂರನೇದು ಹಾಕ್ದೆ. ಅವ್ವ ಮೊಂಬತ್ತಿ ಹಿಡ್ಕೊಂಡು ನೋಡ್ತಾ ನಿಂತಿದ್ಲು. "ಯಾಕ್ಲಾ ಅಷ್ಟೊಂದು ಸುತ್ತುತೀಯ?" ಅಂದ್ಲು. "ನೀರು ಬೀಳ್ದೇ ಇರ್ಲಿ ಅಂತ ಅವ್ವ" ಅಂದೆ. ಅವ್ವ ಏನೂ ಮಾತಾಡ್ಲಿಲ್ಲ. ಅವಳಿಗೆ ಗೊತ್ತಾಗದೇ ಇರುತ್ತಾ? ಊರಲ್ಲಿ ಹೋಟೆಲ್ ಹೊರಗೆ ಬೇರೆ ಲೋಟದಲ್ಲಿ ಕಾಫಿ ಕುಡಿದು ಬೆಳೆದವಳು ಅವಳು.

ಮಾರನೇ ದಿನ ಮಧ್ಯಾಹ್ನ ಕರೆಂಟ್ ಬಂತು. ಇನ್ಸುಲಿನ್ ಉಳೀತು. ಓನರ್ ಆಂಟಿಯ ಉಪಕಾರ ನಾನು ಮರೆಯಲ್ಲ. ಆ ಮೂರು ಕವರ್ರನ್ನೂ ಮರೆಯಲ್ಲ.

ಈಗ ಒಂದು ವಿಷಯ ಹೇಳ್ತೀನಿ ಕೇಳಿ. ಇನ್ಸುಲಿನ್ ಅನ್ನೋ ಔಷಧಿ ಮನುಷ್ಯನಿಗೆ ಮೊದಲ ಸಲ ಚುಚ್ಚಿದ್ದು 1922ರ ಜನವರಿಯಲ್ಲಿ, ಕೆನಡಾದ ಟೊರೊಂಟೊದಲ್ಲಿ, ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ. ಆ ಇನ್ಸುಲಿನ್ ಬಂದಿದ್ದು ಎಲ್ಲಿಂದ? ದನದ ಮೇದೋಜ್ಜೀರಕ ಗ್ರಂಥಿಯಿಂದ. ಆಮೇಲೆ ಹತ್ತಾರು ವರ್ಷ ಜಗತ್ತಿಗೆಲ್ಲಾ ಇನ್ಸುಲಿನ್ ಬಂದಿದ್ದು ಕಸಾಯಿಖಾನೆಯಿಂದ, ದನ ಮತ್ತು ಹಂದಿಯ ಗ್ರಂಥಿಗಳಿಂದ. ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಮೂಲಕ ಮಾಡಿದ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1982ರಲ್ಲಿ. ಅಲ್ಲಿಯವರೆಗೆ ಸಕ್ಕರೆ ಕಾಯಿಲೆಯ ಎಷ್ಟು ಮಡಿವಂತರ ಜೀವ ಉಳಿಸಿದ್ದು ಯಾವ ಪ್ರಾಣಿ ಅಂತ ಅವರು ಕೇಳಿದ್ರಾ? ಜೀವಕ್ಕೆ ಬಂದಾಗ ಮಡಿ ಇರಲ್ಲ. ಪಕ್ಕದ ಮನೆಯವರ ಜೀವಕ್ಕೆ ಬಂದಾಗ ಮಾತ್ರ ಮೂರು ಕವರ್ ಬೇಕು. ಅದನ್ನ ಕಂಡುಹಿಡಿದವರು ಪೇಟೆಂಟನ್ನ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಎಲ್ಲರಿಗೂ ಸಿಗ್ಲಿ ಅನ್ನೋದು ಅವರ ಆಸೆ ಆಗಿತ್ತು.

ನನ್ನ ಸಿಟ್ಟು ಆ ಆಂಟಿ ಮೇಲೆ ಮಾತ್ರ ಅಲ್ಲ. ಅವರ ಮನೆ, ಅವರ ದುಡ್ಡಲ್ಲಿ ತಂದ ಬ್ಯಾಟರಿ, ಅವರ ಫ್ರಿಜ್ಜು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ಅಳಿಸಿ ಹಾಕಿದೆ, ನಿಜ. ಬಾವಿ, ಕೆರೆ, ಹೋಟೆಲ್ಲು, ದೇವಸ್ಥಾನದ ಬಾಗಿಲಲ್ಲಿ ನಮ್ಮನ್ನ ತಡೆದರೆ ಕೇಸ್ ಹಾಕಬಹುದು. ಆದ್ರೆ ಒಬ್ಬರ ಮನೆಯ ಫ್ರಿಜ್ಜಲ್ಲಿ ಏನಿಡಬೇಕು, ಎಷ್ಟು ಕವರ್ ಸುತ್ತಬೇಕು ಅಂತ ಯಾವ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೇಳೋದು?

ಇಲ್ಲೇ ನನಗೆ ಮಹಾಡ್ ನೆನಪಾಗೋದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಕುಡಿದರಲ್ಲ, ಅವರು ಯಾರದೋ ಮನೆಯ ಬಾವಿಗೆ ಹೋಗಿ ನೀರು ಕೇಳಲಿಲ್ಲ. ಹೋಗಿದ್ದು ಸಾರ್ವಜನಿಕ ಕೆರೆಗೆ. 1923ರಲ್ಲೇ ಬಾಂಬೆ ಶಾಸನ ಸಭೆಯಲ್ಲಿ ಬೋಲೆಯವರ ನಿರ್ಣಯ ಪಾಸಾಗಿತ್ತು, ಸರ್ಕಾರದ ದುಡ್ಡಿನ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಅಂತ. ಆ ಹಕ್ಕನ್ನ ಚಲಾಯಿಸೋಕೆ ಅವರು ಹೋದರು. ಸಾರ್ವಜನಿಕ ಕೆರೆ ಇದ್ದರೆ ಹಕ್ಕು ಕೇಳಬಹುದು. ಖಾಸಗಿ ಬಾವಿಯಲ್ಲಿ ಬರೀ ಬೇಡಬಹುದು, ಬಾವಿ ಯಜಮಾನ ಹೇಳಿದ ಹಾಗೆ ಕೇಳಬೇಕು.

ಕರೆಂಟು ಅನ್ನೋದು ಸಾರ್ವಜನಿಕ ಕೆರೆ ಇದ್ದ ಹಾಗೆ. ಒಂದೇ ತಂತಿಯಲ್ಲಿ ಮಹಡಿ ಮನೆಗೂ ಬರುತ್ತೆ, ಶೀಟಿನ ಮನೆಗೂ ಬರುತ್ತೆ. ಬಲ್ಬಿಗೆ ಜಾತಿ ಗೊತ್ತಿಲ್ಲ. ಆದ್ರೆ ಕರೆಂಟು ಹೋದ ಕ್ಷಣ ಆ ಕೆರೆ ಬತ್ತಿ ಹೋಗುತ್ತೆ. ಆಗ ಉಳಿಯೋದು ಖಾಸಗಿ ಬಾವಿಗಳು ಮಾತ್ರ. ಮಹಡಿ ಮನೆಗೆ ಯುಪಿಎಸ್ಸು, ಎದುರು ಅಪಾರ್ಟ್‌ಮೆಂಟಿಗೆ ಡೀಸೆಲ್ ಜನರೇಟರ್, ಮಾಲುಗಳಿಗೆ ಕಟ್ಟಡದಷ್ಟು ದೊಡ್ಡ ಜನರೇಟರ್. ನಮ್ಮ ಓಣಿಗೆ ಬರೋದು ಅದರ ಹೊಗೆ ಮತ್ತು ಸದ್ದು. ಅದಕ್ಕೇ ಹೇಳೋದು, ಫ್ರಿಜ್ಜಿನ ಬ್ಯಾಟರಿ ಪ್ರಶ್ನೆ ಬರೀ ಸೌಕರ್ಯದ ಪ್ರಶ್ನೆ ಅಲ್ಲ. ಸಾರ್ವಜನಿಕವಾಗಿದ್ದದ್ದು ಖಾಸಗಿ ಆದ ತಕ್ಷಣ ಜಾತಿ ಹಿಂಬಾಗಿಲಿಂದ ಒಳಗೆ ಬರುತ್ತೆ. ಅದು ಹೇಗೆ ಬರುತ್ತೆ ಅಂತ ನಾನು ಅವತ್ತು ರಾತ್ರಿ ಕಣ್ಣಾರೆ ಕಂಡೆ.

"ಎಲ್ಲರೂ ಒಂದು ಯುಪಿಎಸ್ ತಗೊಂಡ್ರೆ ಆಯ್ತಪ್ಪ" ಅಂತ ಹೇಳೋರು ಇದ್ದಾರೆ. ಲೆಕ್ಕ ನೋಡೋಣ ಬನ್ನಿ. ಫ್ರಿಜ್ಜನ್ನೂ ನಡೆಸೋ ಯುಪಿಎಸ್ಸು ಮತ್ತು 150 ಆಂಪಿಯರ್ ಅವರ್ ಬ್ಯಾಟರಿ ಎರಡೂ ಸೇರಿ ಇವತ್ತು ಇಪ್ಪತ್ತು ಸಾವಿರ ದಾಟುತ್ತೆ. ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಗಳ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ನಾಲ್ಕೈದು ವರ್ಷಕ್ಕೆ ಬ್ಯಾಟರಿ ಸಾಯುತ್ತೆ, ಮತ್ತೆ ಹೊಸದು ತರಬೇಕು. ನಾನು ತಂದಿದ್ದು ಚೀಟಿ ಎತ್ತಿ. ಎಲ್ಲರಿಗೂ ಚೀಟಿ ಇರಲ್ಲ.

"ಸೋಲಾರ್ ಹಾಕಿಸ್ಕೊಳ್ಳಿ, ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ" ಅಂತಾರೆ. ಸಬ್ಸಿಡಿ ಇರೋದು ನಿಜ. ಆದ್ರೆ ಪ್ಯಾನೆಲ್ ಹಾಕೋಕೆ ತಾರಸಿ ಬೇಕಲ್ಲ? ಬಾಡಿಗೆದಾರನ ತಲೆ ಮೇಲೆ ಇರೋದು ಓನರ್ರ ಶೀಟು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಲೈನಿಗೆ ಸೇರಿಸಿದ ಸೋಲಾರ್‌ನಲ್ಲಿ ಬ್ಯಾಟರಿ ಇಲ್ಲದಿದ್ದರೆ, ಲೈನ್ ಕರೆಂಟ್ ಹೋದಾಗ ಅದೂ ತಾನಾಗೇ ಆಫ್ ಆಗುತ್ತೆ. ಕಂಬದ ಮೇಲೆ ಕೆಲಸ ಮಾಡೋ ಪವರ್‌ಮ್ಯಾನ್‌ಗೆ ಶಾಕ್ ಹೊಡೀಬಾರದು ಅಂತ ಹಾಗೆ ಮಾಡಿರ್ತಾರೆ. ಹಾಗಾಗಿ ತಾರಸಿ ತುಂಬಾ ಪ್ಯಾನೆಲ್ ಇದ್ದರೂ ಫ್ರಿಜ್ ಓಡಲ್ಲ.

ಇನ್ನು ಗೃಹಜ್ಯೋತಿ. ಯೋಜನೆ ಬಂದಾಗ ನಾನೂ ಸಂತೋಷ ಪಟ್ಟವನೇ. ಈಗಲೂ ಅದು ಬೇಕು ಅನ್ನೋನೇ. ಬಡವರ ಮನೆಗೆ ಬಿಟ್ಟಿ ಭಾಗ್ಯ ಅಂತ ಹೀಯಾಳಿಸೋರ ಜೊತೆ ನಾನಿಲ್ಲ. ಆದ್ರೆ ಅದರ ಲೆಕ್ಕದಲ್ಲಿ ಒಂದು ಮುಳ್ಳಿದೆ. 200 ಯೂನಿಟ್ ಉಚಿತ ಅಂತ ನಾವೆಲ್ಲಾ ಹೇಳ್ತೀವಿ. ಎಲ್ಲರಿಗೂ 200 ಸಿಗಲ್ಲ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅಷ್ಟು, ಅದರ ಮೇಲೆ ಶೇಕಡ 10. ಅದು ನಿಮ್ಮ ಪಾಲು. ಅದಕ್ಕಿಂತ ಹೆಚ್ಚಾದ್ರೆ ಹೆಚ್ಚಾದಷ್ಟಕ್ಕೆ ದುಡ್ಡು. 200 ದಾಟಿದ್ರೆ ಪೂರ್ತಿ ಬಿಲ್ಲು.

ಅಂದ್ರೆ ಏನಾಯ್ತು? ಆ ವರ್ಷ ಮನೇಲಿ ಫ್ರಿಜ್ಜು, ಗೀಸರು, ವಾಷಿಂಗ್ ಮೆಷಿನ್ ಇಟ್ಕೊಂಡು 150 ಯೂನಿಟ್ ಉರಿಸಿದವರಿಗೆ ಈಗ 165 ಯೂನಿಟ್ ಉಚಿತ. ಎರಡು ಬಲ್ಬು ಒಂದು ಫ್ಯಾನು ಹಾಕ್ಕೊಂಡು 40 ಯೂನಿಟ್ ಉರಿಸಿದವರಿಗೆ 44. ಆಮೇಲೆ 2024ರಲ್ಲಿ, 48 ಯೂನಿಟ್‌ಗಿಂತ ಕಡಿಮೆ ಬಳಸೋರಿಗೆ ಶೇಕಡ 10ರ ಬದಲು 10 ಯೂನಿಟ್ ಸೇರಿಸಿ ಕೊಡ್ತೀವಿ ಅಂತ ಮಾಡಿದರು. ಆಗ 44 ಹೋಗಿ 50 ಆಯ್ತು. ಒಳ್ಳೇದೇ. ಆದ್ರೆ ಒಂದು ಸಣ್ಣ ಫ್ರಿಜ್ ತಿಂಗಳಿಗೆ 15ರಿಂದ 20 ಯೂನಿಟ್ ತಗೊಳ್ಳುತ್ತೆ. ಯುಪಿಎಸ್ ಬ್ಯಾಟರಿ ತುಂಬಿದ ಮೇಲೂ ಸುಮ್ಮನೆ 10 ವ್ಯಾಟ್ ಎಳೀತಾ ಇದ್ದರೆ ತಿಂಗಳಿಗೆ 7 ಯೂನಿಟ್. ಹೊಸದಾಗಿ ಸಕ್ಕರೆ ಕಾಯಿಲೆ ಬಂದು, ಹೊಸದಾಗಿ ಫ್ರಿಜ್ ತಂದು, ಹೊಸದಾಗಿ ಯುಪಿಎಸ್ ಹಾಕಿಸಿದ ಬಡವನ ಮನೆ ತನ್ನ ಪಾಲನ್ನ ದಾಟೇ ದಾಟುತ್ತೆ.

ನಿನ್ನೆ ಇದ್ದವನಿಗೆ ಇವತ್ತೂ ಜಾಸ್ತಿ, ನಿನ್ನೆ ಇಲ್ಲದವನಿಗೆ ಇವತ್ತೂ ಕಮ್ಮಿ. ಈ ಲೆಕ್ಕ ನಮಗೆ ಹೊಸದೇನಲ್ಲ. ನಿಮ್ಮ ತಾತ ಏನು ಮಾಡ್ತಿದ್ದ ಅಂತ ಕೇಳಿ ಮೊಮ್ಮಗನ ಪಾಲು ನಿರ್ಧಾರ ಮಾಡೋ ಪದ್ಧತಿಯನ್ನ ಸಾವಿರಾರು ವರ್ಷದಿಂದ ನೋಡ್ತಾ ಬಂದಿದ್ದೀವಿ. ಇದನ್ನ ಬರೆದ ಅಧಿಕಾರಿಗಳಿಗೆ ಆ ಉದ್ದೇಶ ಇತ್ತು ಅಂತ ನಾನು ಹೇಳ್ತಾ ಇಲ್ಲ. ಉದ್ದೇಶ ಇಲ್ಲದೆನೂ ಫಲ ಅದೇ ಬರುತ್ತೆ. ಇದಕ್ಕೂ ಮುಂಚೆ ಪರಿಶಿಷ್ಟರ ಬಿಪಿಎಲ್ ಮನೆಗಳಿಗೆ ಅಮೃತ ಜ್ಯೋತಿ ಅಂತ ಇತ್ತು, 75 ಯೂನಿಟ್ ಉಚಿತ. ಹಿಂದೆ ಎಷ್ಟು ಉರಿಸಿದ್ರಿ ಅಂತ ಕೇಳದೆ ಎಲ್ಲರಿಗೂ ಒಂದೇ ಸಂಖ್ಯೆ. ಆ ಥರದ ಲೆಕ್ಕ ಮಾಡೋಕೆ ಸರ್ಕಾರಕ್ಕೆ ಬರುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ.

ಇನ್ನು ಒಂದೇ ಮೀಟರಿನಿಂದ ಎರಡು ಮೂರು ಮನೆಗೆ ಸಬ್‌ಮೀಟರ್ ಎಳೆದಿರೋ ವಠಾರಗಳ ಕಥೆ ಕೇಳಲೇಬೇಡಿ. ಎಲ್ಲಾ ಸೇರಿ 200 ದಾಟಿದ್ರೆ ಯಾರಿಗೂ ಉಚಿತ ಇಲ್ಲ.

ಈ ಯೋಜನೆಗಳಿಗೆ ದುಡ್ಡು ಎಲ್ಲಿಂದ ಬಂತು ಅನ್ನೋದನ್ನೂ ನೆನಪಿಟ್ಕೊಳ್ಳಿ. ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಬಂದಿದ್ದು 2013ರಲ್ಲಿ, ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮಗೇ ಖರ್ಚಾಗಬೇಕು ಅಂತ. 2023–24ರಲ್ಲಿ ಆ ಹಣದಲ್ಲಿ 11,000 ಕೋಟಿ ರೂಪಾಯಿಗೂ ಹೆಚ್ಚನ್ನ ಗ್ಯಾರಂಟಿ ಯೋಜನೆಗಳಿಗೆ ತಗೊಂಡರು. ಆ ಯೋಜನೆಯಲ್ಲಿ ದಲಿತ ಫಲಾನುಭವಿಗಳೂ ಇದ್ದಾರೆ ಅನ್ನೋದು ಸರ್ಕಾರದ ಸಮಜಾಯಿಷಿ. ಇರಲಿ. ನಮ್ಮ ಹೆಸರಿನ ದುಡ್ಡು ಕರೆಂಟಿಗೆ ಹೋಗೋದೇ ಆದ್ರೆ, ಆ ಕರೆಂಟು ಹೋದಾಗ ನಮ್ಮ ಮನೆ ಏನು ಮಾಡಬೇಕು ಅನ್ನೋದಕ್ಕೂ ಅದರಲ್ಲಿ ಸ್ವಲ್ಪ ಇಡಿ.

ಕರೆಂಟಿನ ವಿಷಯ ದಲಿತ ಚಳವಳಿಗೆ ಯಾಕೆ ಅಂತ ಕೇಳೋರಿಗೆ ಒಂದು ಇತಿಹಾಸ. ಬಾಬಾಸಾಹೇಬರು ಅಂದ್ರೆ ಸಂವಿಧಾನ ಅಷ್ಟೇ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಸದಸ್ಯರಾಗಿದ್ರು. ನೀರಾವರಿ, ವಿದ್ಯುತ್ ಎರಡೂ ಅವರ ಇಲಾಖೆಯಲ್ಲೇ ಇತ್ತು. 1943ರ ಅಕ್ಟೋಬರ್‌ನಲ್ಲಿ ವಿದ್ಯುತ್ ನೀತಿ ಸಮಿತಿಯ ಮುಂದೆ ಅವರು ಮಾಡಿದ ಭಾಷಣ ಹುಡುಕಿ ಓದಿ. ವಿದ್ಯುತ್ತು ಅಗ್ಗವಾಗಿಯೂ ಧಾರಾಳವಾಗಿಯೂ ಸಿಗಬೇಕು, ಅದಿಲ್ಲದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಬಡತನದಿಂದ ಬಿಡುಗಡೆ ಇಲ್ಲ ಅನ್ನೋದು ಅವರ ವಾದದ ತಿರುಳು. ವಿದ್ಯುತ್ತನ್ನ ಖಾಸಗಿಯವರ ಕೈಗೆ ಬಿಡಬೇಕಾ, ಸರ್ಕಾರದ ಕೈಯಲ್ಲಿ ಇರಬೇಕಾ ಅನ್ನೋ ಪ್ರಶ್ನೆಯನ್ನೂ ಅವರು ಅಲ್ಲೇ ಎತ್ತಿದ್ರು. ಅವರ ಅವಧಿಯಲ್ಲೇ, 1944ರಲ್ಲಿ, ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಬಂತು. ಹಳ್ಳಿ ಅಂದ್ರೆ ಜಾತಿಯ ಕೊಚ್ಚೆ ಅಂತ ತಿಳಿದಿದ್ದ ಮನುಷ್ಯ, ಅದರಿಂದ ಹೊರಗೆ ಬರೋ ದಾರಿಗಳಲ್ಲಿ ವಿದ್ಯುತ್ತೂ ಒಂದು ಅಂತ ಕಂಡಿದ್ರು.

ನಮ್ಮ ನಾಡಿನ ಕಥೆನೂ ಹಾಗೇ ಇದೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಗಳ ಯಂತ್ರ ನಡೆಸೋಕೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಗಣಿಯ ಆಳಕ್ಕೆ ಇಳಿದ ಕಾರ್ಮಿಕರಲ್ಲಿ ದೊಡ್ಡ ಪಾಲು ದಲಿತರು. ನೂರಿಪ್ಪತ್ತು ವರ್ಷದ ಹಿಂದೆನೂ ಕರೆಂಟು ನಮ್ಮವರ ಬೆವರಿನ ಪಕ್ಕದಲ್ಲೇ ಹರಿದಿದೆ. ಅದು ನಮ್ಮ ಮನೆಯೊಳಗೆ ನಿಲ್ಲಬೇಕು ಅನ್ನೋದಷ್ಟೇ ಈಗಿನ ಮಾತು.

ಸರ್ಕಾರಕ್ಕೆ ಇದೆಲ್ಲಾ ಸಾಧ್ಯವಾ ಅಂತ ಕೇಳ್ತೀರಾ? ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಇಡೋ ಪೆಟ್ಟಿಗೆ ನೋಡಿ. ಮೇಲಿಂದ ಮುಚ್ಚಳ ತೆಗೆಯೋ ಪೆಟ್ಟಿಗೆ ಅದು, ಐಎಲ್‌ಆರ್ ಅಂತಾರೆ. ಸುತ್ತಲೂ ಗೋಡೆಯಲ್ಲಿ ಮಂಜುಗಡ್ಡೆಯ ಪದರ ಇರುತ್ತೆ. ದಿನದ 24 ಗಂಟೆಯಲ್ಲಿ 8 ಗಂಟೆ ಕರೆಂಟ್ ಇದ್ದರೂ ಸಾಕು, ಒಳಗೆ 2ರಿಂದ 8 ಡಿಗ್ರಿ ಕಾಪಾಡುತ್ತೆ. ಕರೆಂಟ್ ಇಲ್ಲದ ಕುಗ್ರಾಮಕ್ಕೂ ಪೋಲಿಯೊ ಹನಿ ತಣ್ಣಗೆ ತಲುಪಿಸಿದ ದೇಶ ಇದು. ಇನ್ಸುಲಿನ್ ಸೀಸೆಗೂ ಬೇಕಾಗಿರೋದು ಅದೇ 2ರಿಂದ 8 ಡಿಗ್ರಿ. ವಿದ್ಯೆ ಇದೆ, ಪೆಟ್ಟಿಗೆನೂ ಇದೆ. ನಮ್ಮ ಓಣಿಯ ಜನರ ಔಷಧಿಗೆ ಅದರ ಬಾಗಿಲು ತೆಗೆದಿಲ್ಲ, ಅಷ್ಟೇ.

ಅದಕ್ಕೇ ನನ್ನ ಒತ್ತಾಯ ಇಷ್ಟು:

1. ಪ್ರತಿ ವಾರ್ಡಿನ ನಮ್ಮ ಕ್ಲಿನಿಕ್ಕಿನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜನರ ಇನ್ಸುಲಿನ್‌ಗೆ ಅಂತಲೇ ಬ್ಯಾಕಪ್ ಇರೋ ಪ್ರತ್ಯೇಕ ಫ್ರಿಜ್ ಇರಲಿ. ಲಸಿಕೆಯ ಪೆಟ್ಟಿಗೆಯಲ್ಲಿ ಬೇರೆ ಔಷಧಿ ಇಡಬಾರದು ಅನ್ನೋ ನಿಯಮ ಸರಿ, ಅದಕ್ಕೇ ಪ್ರತ್ಯೇಕ ಕೇಳ್ತಾ ಇದ್ದೀನಿ. ಹೆಸರು ಬರೆದು ಇಡಲಿ, ಬೇಕಾದಾಗ ಕೊಡಲಿ.

2. ಗೃಹಜ್ಯೋತಿಯಲ್ಲಿ 2022–23ರ ಲೆಕ್ಕ ಬಿಟ್ಟು, ಬಡ ಮನೆಗಳಿಗೆ ಒಂದು ಕನಿಷ್ಠ ಯೂನಿಟ್ ನಿಗದಿ ಮಾಡಿ. ಆ ಕನಿಷ್ಠದಲ್ಲಿ ಒಂದು ಫ್ರಿಜ್ ಓಡಬೇಕು.

3. ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣದಲ್ಲಿ ಬ್ಯಾಟರಿ ಬ್ಯಾಕಪ್‌ಗೆ ಸಹಾಯಧನ ಕೊಡಿ, ಬಾಡಿಗೆದಾರರಿಗೂ ಸಿಗಲಿ. ಅಂಬೇಡ್ಕರ್ ಭವನಗಳ ತಾರಸಿ ಮೇಲೆ ಬ್ಯಾಟರಿ ಸಹಿತ ಸೋಲಾರ್ ಹಾಕಿ. ವರ್ಷಕ್ಕೆ ಒಂದು ದಿನ ಹಾರ ಹಾಕಿ ಬೀಗ ಜಡಿಯೋ ಭವನ, ಕರೆಂಟ್ ಹೋದ ದಿನ ಬಡಾವಣೆಯ ತಣ್ಣನೆ ಪೆಟ್ಟಿಗೆ ಆಗಲಿ.

4. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020ರಲ್ಲೇ ಬಂದಿದೆ. 24 ಗಂಟೆ ವಿದ್ಯುತ್ ಕೊಡಬೇಕು, ತಪ್ಪಿದರೆ ಪರಿಹಾರ ಕೊಡಬೇಕು ಅಂತ ಅದರಲ್ಲಿದೆ. ನಿಮ್ಮ ಬಿಲ್ಲು ತೆಗೆದು ನೋಡಿ, ಪರಿಹಾರದ ಸಾಲು ಎಲ್ಲಾದರೂ ಇದೆಯಾ? ಆ ನಿಯಮ ಮೊದಲು ಜಾರಿಗೆ ಬರೋದು ಬ್ಯಾಕಪ್ ಇಲ್ಲದ ಬಡಾವಣೆಗಳಲ್ಲಿ ಆಗಬೇಕು.

ಸರ್ಕಾರ ಮಾಡೋವರೆಗೆ ಅವ್ವಂದಿರ ಔಷಧಿ ಕಾಯಲ್ಲ. ನಾನು ಕಲಿತಿದ್ದನ್ನ ಬರೀತೀನಿ, ಉಪಯೋಗ ಆದ್ರೆ ತಗೊಳ್ಳಿ.

ಕರೆಂಟ್ ಹೋದ ತಕ್ಷಣ ಫ್ರಿಜ್ ಬಾಗಿಲು ತೆಗೀಬೇಡಿ. ಮುಚ್ಚಿಟ್ಟರೆ ಸುಮಾರು 4 ಗಂಟೆ ಒಳಗಿನದ್ದು ತಣ್ಣಗಿರುತ್ತೆ. ಮೇಲಿನ ಫ್ರೀಜರ್‌ನಲ್ಲಿ ಯಾವಾಗಲೂ ಎರಡು ಮೂರು ಬಾಟಲಿ ನೀರು ಗಟ್ಟಿ ಮಾಡಿ ಇಟ್ಟಿರಿ. ಕರೆಂಟ್ ಹೋದಾಗ ಕೆಳಗಿನ ಅಂಕಣಕ್ಕೆ ಇಳಿಸಿದ್ರೆ ಇನ್ನೂ ಕೆಲವು ಗಂಟೆ ತಳ್ಳಬಹುದು. ಇನ್ಸುಲಿನ್ ಮಾತ್ರ ಐಸಿಗೆ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ, ಬಿಸಾಡಬೇಕು.

ಬಳಸ್ತಾ ಇರೋ ಇನ್ಸುಲಿನ್ ಸೀಸೆ ಸಾಮಾನ್ಯವಾಗಿ 4 ವಾರದವರೆಗೆ ಹೊರಗೆ ಇಡಬಹುದು, ತಂಪಾದ ಜಾಗ ಆಗಿದ್ದರೆ. 25ರಿಂದ 30 ಡಿಗ್ರಿ ಒಳಗೆ ಇರಬೇಕು. ನಿಮ್ಮ ಸೀಸೆಯ ಚೀಟಿಯಲ್ಲಿ ಬರೆದಿರೋದನ್ನ ನೋಡಿ, ಡಾಕ್ಟರನ್ನ ಕೇಳಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ 38 ಡಿಗ್ರಿ ದಾಟಿತ್ತು. ಶೀಟಿನ ಮನೆಯೊಳಗೆ ಅದಕ್ಕಿಂತ ಜಾಸ್ತಿನೇ. ಅಂಥ ಮನೇಲಿ ಫ್ರಿಜ್ ಇಲ್ಲದಿದ್ದರೆ ಮಡಕೆ ಉಪಾಯ ಇದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳನ್ನ ಒದ್ದೆಯಾಗಿಡಿ. ಸೀಸೆಯನ್ನ ಡಬ್ಬಿಯಲ್ಲಿ ಹಾಕಿ ಒಳಗಿಟ್ಟು ಒದ್ದೆ ಬಟ್ಟೆ ಮುಚ್ಚಿ, ಗಾಳಿ ಆಡೋ ಕಡೆ ಇಡಿ. ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಮಳೆಗಾಲದ ಥಂಡಿ ಗಾಳಿಯಲ್ಲಿ ಅಷ್ಟಾಗಿ ಇಲ್ಲ. ಫ್ರಿಜ್ಜಿನಷ್ಟು ತಣ್ಣಗೆ ಮಾತ್ರ ಮಾಡಲ್ಲ, ಹಾಗಾಗಿ ಬಳಸ್ತಾ ಇರೋ ಸೀಸೆಗೆ ಸರಿ, ತಿಂಗಳುಗಟ್ಟಲೆ ಇಡೋಕೆ ಅಲ್ಲ.

ಯುಪಿಎಸ್ ತಗೊಳ್ಳೋರಿಗೆ: ಸೈನ್ ವೇವ್ ಅಂತ ಬರೆದಿರೋದೇ ಕೇಳಿ ತಗೊಳ್ಳಿ. ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಫ್ರಿಜ್ಜಿನ ಕಂಪ್ರೆಸರ್ ಗುಂಯ್ ಅಂತ ಬಿಸಿಯಾಗುತ್ತೆ. ಒಂದು ಬಾಗಿಲಿನ ಫ್ರಿಜ್ ಓಡುವಾಗ 100 ವ್ಯಾಟ್ ಆಸುಪಾಸು ಎಳೆದರೂ ಶುರುವಾಗೋ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತೆ, ಅದಕ್ಕೆ 850–900 ವಿಎ ಆದರೂ ಇರಲಿ. ಫ್ರಿಜ್ ಮೇಲೆ ಇನ್ವರ್ಟರ್ ಅಂತ ಬರೆದಿದ್ದರೆ ಅದು ಕರೆಂಟ್ ಇಲ್ಲದೆ ಓಡುತ್ತೆ ಅಂತ ಅರ್ಥ ಅಲ್ಲ. ತುಂಬಾ ಜನ ಮೋಸ ಹೋಗೋದು ಇಲ್ಲೇ. ಅದು ಕಂಪ್ರೆಸರ್‌ನ ಹೆಸರು. ಮೆಲ್ಲಗೆ ಶುರುವಾಗುತ್ತೆ, ಯುಪಿಎಸ್ಸಿಗೆ ಭಾರ ಕಮ್ಮಿ, ಅಷ್ಟೇ.

150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತೆ, ಕೈಗೆ ಸಿಗೋದು ಹೆಚ್ಚು ಕಮ್ಮಿ ಒಂದು ಯೂನಿಟ್. ಸಣ್ಣ ಫ್ರಿಜ್ಜು ದಿನಕ್ಕೆ ತಗೊಳ್ಳೋದು ಅರ್ಧದಿಂದ ಒಂದು ಯೂನಿಟ್ ಒಳಗೆ. ಆದ್ರೆ ಹಳೇ ಫ್ಯಾನ್ ಒಂದೇ ಎಂಟು ಗಂಟೆಗೆ 0.6 ಯೂನಿಟ್ ತಿನ್ನುತ್ತೆ. ಅಂದ್ರೆ ಫ್ರಿಜ್ಜಿಗಿಂತ ಫ್ಯಾನು, ಟಿವಿನೇ ಬ್ಯಾಟರಿ ಖಾಲಿ ಮಾಡೋದು. ಔಷಧಿ ಇರೋ ಮನೇಲಿ ಮೊದಲ ಪಾಲು ಫ್ರಿಜ್ಜಿಗೆ. ಕರೆಂಟ್ ವಾಪಸ್ ಬಂದಾಗ ವೋಲ್ಟೇಜ್ ಏರಿಳಿತ ಇರುತ್ತೆ. ಯುಪಿಎಸ್ ಇಲ್ಲದವರು ಫ್ರಿಜ್ ಸ್ವಿಚ್ ಆರಿಸಿಟ್ಟು, ಬಂದು ಐದು ನಿಮಿಷ ಆದ ಮೇಲೆ ಹಾಕಿ. ಬ್ಯಾಟರಿ ಗಾಳಿಯಾಡೋ ಜಾಗದಲ್ಲಿರಲಿ, ಹತ್ತಿರ ದೀಪ, ಊದುಬತ್ತಿ ಹಚ್ಚಬೇಡಿ. ನಲ್ಲಿ ನೀರು ಹಾಕಬೇಡಿ, ಡಿಸ್ಟಿಲ್ಡ್ ವಾಟರ್ ಮಾತ್ರ.

ಕೊನೆಗೆ ಒಂದು ಮಾತು. ನಮ್ಮ ಮನೇಲಿ ಯುಪಿಎಸ್ ಬಂದ ಮೇಲೆ ಮೊನ್ನೆ ಮತ್ತೆ ರಾತ್ರಿಯೆಲ್ಲಾ ಕರೆಂಟ್ ಹೋಗಿತ್ತು. ಮೂರನೇ ಮನೆಯ ಮುಸ್ಲಿಂ ಅಜ್ಜಿಯದ್ದೂ ಇನ್ಸುಲಿನ್ನೇ. ಕೊನೇ ಮನೆಯಲ್ಲಿ ಹಸುಗೂಸಿಗೆ ಕೊಡೋ ಸಿರಪ್ ಫ್ರಿಜ್ಜಲ್ಲೇ ಇಡಬೇಕು. ಇಬ್ಬರನ್ನೂ ಅವ್ವನೇ ಬಾಗಿಲಿಗೆ ಹೋಗಿ ಕರೆದಳು. ಅಜ್ಜಿ ಸೀಸೆಯನ್ನ ಒಂದು ಪ್ಲಾಸ್ಟಿಕ್ ಕವರ್ರಲ್ಲಿ ಸುತ್ತಿಕೊಂಡು ತಂದ್ರು, ಅವರಿಗೂ ಎಲ್ಲೋ ಅಭ್ಯಾಸ ಆಗಿರಬೇಕು. ಅವ್ವ ಆ ಕವರ್ ಬಿಚ್ಚಿ ಅಜ್ಜಿ ಕೈಗೆ ವಾಪಸ್ ಕೊಟ್ಟಳು. "ಇಲ್ಲಿ ಇದೆಲ್ಲಾ ಬ್ಯಾಡ ಬುಡಮ್ಮ" ಅಂದು, ಸೀಸೆಯನ್ನ ತನ್ನ ಸೀಸೆಯ ಪಕ್ಕ ಇಟ್ಟಳು.

ನಕ್ಕ ಗೆಳೆಯನಿಗೆ ಇಷ್ಟೇ ನನ್ನ ಉತ್ತರ. ಒಂದು ವಠಾರಕ್ಕೆ ಒಬ್ಬ ಅವ್ವ ಮಾಡಿದ್ದನ್ನ ಊರಿಗೆಲ್ಲಾ ಸರ್ಕಾರ ಮಾಡಬೇಕು. ಯಾರೋ ಒಳ್ಳೆಯವರ ಮರ್ಜಿಯಲ್ಲಿ ನಮ್ಮ ಔಷಧಿ ತಣ್ಣಗಿರೋದು ಬೇಡ. ಹಕ್ಕಿನಿಂದ ತಣ್ಣಗಿರಲಿ.

ನಿಮ್ಮ ಬೀದಿಯಲ್ಲಿ ಇನ್ಸುಲಿನ್ ತಗೊಳ್ಳೋರು ಎಷ್ಟು ಮನೆ, ಬ್ಯಾಕಪ್ ಇರೋದು ಎಷ್ಟು ಮನೆ, ಒಂದು ಭಾನುವಾರ ಕೂತು ಪಟ್ಟಿ ಮಾಡಿ. ಪಟ್ಟಿ ಹಿಡ್ಕೊಂಡು ವಾರ್ಡ್ ಕಚೇರಿಗೆ, ಶಾಸಕರ ಮನೆಗೆ ಹೋಗೋಣ. ನಾನು ಬರ್ತೀನಿ.

ಜೈಭೀಮ್.